ಕುತ್ತಿಗೆ ಬಿಚ್ಚಿ ನೋಡುವವಳು

ಬೆಂಚು ಅಲುಗಲಿಲ್ಲ. ಅವಳ ಗಂಡ ಒಂದು ತುದಿ, ಪಕ್ಕದ ಮನೆಯ ದರ್ಜಿ ಇನ್ನೊಂದು ತುದಿ ಹಿಡಿದು ಎಳೆಯುತ್ತಿದ್ದರು. ಇನ್ನು ಮುಕ್ಕಾಲು ಗಂಟೆಯಲ್ಲಿ ಆಸ್ಪತ್ರೆಯ ವ್ಯಾನು ಅವಳ ದೇಹ ತರುತ್ತದೆ. ಮಲಗಿಸುವಷ್ಟು ದೊಡ್ಡ ಕೋಣೆ ಮನೆಯಲ್ಲಿ ಇದೊಂದೇ, ಇದರ ಅರ್ಧ ಭಾಗ ಅವಳ ಕೆಲಸದ ಬೆಂಚು.

“ಬೇರು ಬಿಟ್ಟಿದೆ ಇದು,” ಎಂದು ದರ್ಜಿ ಸೊಂಟ ಹಿಡಿದುಕೊಂಡ.

“ಎಳೀಬೇಡಿ ಭಾವ. ನೆಲಕ್ಕೆ ಸ್ಕ್ರೂ ಹಾಕಿದೆ. ಹಿಂದಿನ ಕಾಲಿನ ಒಳಗಡೆ, ಕಾಣಲ್ಲ.”

ಭಾವ ತಿರುಗಿ ನೋಡಿದರು. ಬಾಗಿಲಲ್ಲಿ ಹೆಂಡತಿಯ ತಮ್ಮ ನಿಂತಿದ್ದ. ಹನ್ನೊಂದು ವರ್ಷದ ಮೇಲೆ ಈ ಮನೆಯ ಹೊಸ್ತಿಲು ತುಳಿದಿದ್ದ. ತಲೆ ಪೂರ್ತಿ ನರೆತಿತ್ತು. ಭಾವ ಬೆಂಚಿನ ತುದಿ ಬಿಟ್ಟರು.

“ನಿಂಗೆ ಹೇಗೆ ಗೊತ್ತು?”

“ಹಾಕಿದ್ದು ನಾನೇ ಅಲ್ವಾ.”

ತಮ್ಮ ನೆಲದ ಮೇಲೆ ಅಂಗಾತ ಮಲಗಿ ಬೆಂಚಿನ ಕೆಳಗೆ ತಲೆ ತೂರಿಸಿದ. ಬೆಳಿಗ್ಗೆ ಅಕ್ಕನ ಮಗಳು ಫೋನು ಮಾಡಿದ್ದಳು. “ಮಾಮ, ಅಮ್ಮ ಹೋದ್ಲು,” ಅಂದಳು, ಅಷ್ಟೇ. ದಾರಿಯುದ್ದಕ್ಕೂ ಅವನು ಅಳು ಬರಬಹುದೆಂದು ಕಾದಿದ್ದ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗೆ ಮೈಯೆಲ್ಲ ತನ್ನದಲ್ಲದಂತಿತ್ತು. ಸ್ಕ್ರೂಗಳು ತುಕ್ಕು ಹಿಡಿದಿದ್ದವು. ಒಂದೊಂದಾಗಿ ಬಂದವು.

ಹತ್ತು ಗಂಟೆಯ ಹೊತ್ತಿಗೆ ಕೋಣೆ ತುಂಬಿತು. ಬಂದವರಲ್ಲಿ ಅರ್ಧ ಜನರ ಗುರುತು ಭಾವನಿಗೆ ಇರಲಿಲ್ಲ. ಉದ್ದ ಕೂದಲಿನವರು, ಬೆರಳ ತುದಿ ಜಡ್ಡುಗಟ್ಟಿದವರು. ಎಲ್ಲರೂ ಅವಳ ಕಾಲ ಬಳಿ ಒಂದು ಗಳಿಗೆ ನಿಂತು, ಆಮೇಲೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಗೋಡೆಗೆ ಒರಗುತ್ತಿದ್ದರು.

“ನಮಗೆಲ್ಲ ಇವರು ಸ್ಕ್ರೂ ಅಕ್ಕ,” ಅಂದ ಜುಟ್ಟು ಕಟ್ಟಿದ ಒಬ್ಬ ಗಿಟಾರಿನವನು, ದರ್ಜಿಯ ಕಿವಿಯ ಹತ್ತಿರ. “ಹಳೇ ಎಲೆಕ್ಟ್ರಿಕ್ ಗಿಟಾರ್ ಯಾರೇ ಕೊಳ್ಳಲಿ, ಮೊದಲು ಇವರನ್ನ ಕರ್ಕೊಂಡು ಹೋಗ್ಬೇಕು. ನುಡಿಸಿ ನೋಡ್ತಿರಲಿಲ್ಲ. ನುಡಿಸೋಕೆ ಬರ್ತಾನೇ ಇರಲಿಲ್ಲ.”

“ಮತ್ತೆ?”

“ಸ್ಕ್ರೂಡ್ರೈವರ್ ಕೊಡಿ ಅನ್ನೋರು. ಬೆನ್ನಲ್ಲಿ ನಾಲ್ಕು ಸ್ಕ್ರೂ. ಬಿಚ್ಚಿದ್ರೆ ಗಿಟಾರಿನ ಕುತ್ತಿಗೆ ಬೇರೆ, ಮೈ ಬೇರೆ. ಹಳೇ ತೂತಿಗೆ ಬೆಂಕಿಕಡ್ಡಿ ತುರುಕಿ ಹೊಸ ತೂತು ಕೊರೆದಿದ್ರೆ, ಆ ಕುತ್ತಿಗೆ ಆ ಮೈಯದ್ದಲ್ಲ. ತಲೆ ಮೇಲಿನ ಕಂಪನಿ ಹೆಸರಿಗೆ ಉಗುರು ಸವರೋರು. ಉಗುರು ತಡೆದ್ರೆ ಆಮೇಲೆ ಅಂಟಿಸಿದ್ದು. ಒಂದ್ಸಲ ನಾನು ತಂದಿದ್ದರಲ್ಲಿ ಕುತ್ತಿಗೆ ಕೂರೋ ಗುಂಡಿ ಮೂಸಿ ನೋಡಿ, ‘ಇದಕ್ಕೆ ಚಹಾ ಕುಡಿಸಿ ಹಳದಿ ಮಾಡಿದಾರೆ, ನೀನು ಮನೆಗೆ ಹೋಗಿ ಕುಡಿ’ ಅಂದ್ರು.”

“ಇವರ ಮಗಳು ಮದುವೆ ಆಗೋ ಹುಡುಗನ್ನ ಮನೆಗೆ ಕರ್ಕೊಂಡು ಬಂದ ದಿನ ನಾನೇ ಹೇಳಿದ್ದೆ,” ಅಂದ ದರ್ಜಿ. “ಅಕ್ಕಾ, ಇವನದ್ದೊಬ್ಬಂದು ಕುತ್ತಿಗೆ ಬಿಚ್ಚಬೇಡಿ ಅಂತ.”

ಯಾರೋ ನಕ್ಕು, ನಕ್ಕಿದ್ದಕ್ಕೆ ಕೆಮ್ಮಿದರು.

“ಒಂದೂ ಸುಳ್ಳು ಹೇಳಿದೋರಲ್ಲ,” ಅಂದ ಜುಟ್ಟಿನವನು.

ತಮ್ಮ ಅವಳ ಕೈ ನೋಡುತ್ತಿದ್ದ. ತೋರುಬೆರಳಿನ ಮೇಲೆ ಬೆಸುಗೆಯ ಹಳೆಯ ಸುಟ್ಟ ಕಲೆಗಳಿದ್ದವು. ಅವಳು ಹೇಳಿದ ಒಂದು ಸುಳ್ಳು ಅವನಿಗೆ ಗೊತ್ತಿತ್ತು.

*

ರೇಡಿಯೋ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಬೆಸುಗೆ ಹಾಕಿದವಳು ಅಕ್ಕ. ಕಾರ್ಖಾನೆ ಮುಚ್ಚಿದ ಮೇಲೆ ಗಿಟಾರುಗಳ ವೈರಿಂಗ್ ರಿಪೇರಿ ಹಿಡಿದಳು. ಅದೇ ವರ್ಷ ತಮ್ಮನ ನೌಕರಿಯೂ ಹೋಯಿತು. ಅವಳು ಅವನನ್ನು ಬೆಂಚಿನ ಮುಂದೆ ಕೂರಿಸಿಕೊಂಡು ಕೆಲಸ ಕಲಿಸಿದಳು. “ತಂತಿಯನ್ನ ಎರಡು ಸುತ್ತು ಸುತ್ತು, ಆಮೇಲೆ ಬೆಸುಗೆ. ಬೆಸುಗೆ ಬಿಟ್ಟರೂ ತಂತಿ ಬಿಡಬಾರದು.” ಅವನು ಎಡಚ. ಅವನ ಸುತ್ತು ಯಾವಾಗಲೂ ಉಲ್ಟಾ ತಿರುಗುತ್ತಿತ್ತು. ಅದಕ್ಕೆ ಅವಳು ಏನೂ ಅನ್ನಲಿಲ್ಲ.

ಆಮೇಲೆ ಅವನು ಹಳೆಯ ವಾದ್ಯಗಳ ಅಂಗಡಿ ಇಟ್ಟ. ಒಂದು ದಿನ ಸಂಗೀತದ ಮೇಷ್ಟರೊಬ್ಬರು ಕೆಂಪು ಗಿಟಾರೊಂದನ್ನು ಮೆಚ್ಚಿ, “ನಾಳೆ ಗೊತ್ತಿರೋರನ್ನ ಕರ್ಕೊಂಡು ಬಂದು ತೋರಿಸ್ತೀನಿ,” ಅಂದು ಹೋದರು. ಕರೆದುಕೊಂಡು ಬಂದದ್ದು ಅಕ್ಕನನ್ನು.

ಅವಳು ತಮ್ಮನ ಕಡೆ ನೋಡಿ ನಕ್ಕು, ಸ್ಕ್ರೂಡ್ರೈವರ್ ಕೇಳಿದಳು. ಅವನು ಕೊಡಲೇಬೇಕಾಯಿತು. ಕುತ್ತಿಗೆ ಬಿಚ್ಚಿದಳು. ಹೊಟ್ಟೆಯ ತಗಡು ಎತ್ತಿ ಒಳಗಿನ ವೈರುಗಳ ಮೇಲೆ ಬಗ್ಗಿದಳು. ಅಲ್ಲೇ ಬಹಳ ಹೊತ್ತು ಇದ್ದಳು.

“ಇದು ಒಂದು ಗಿಟಾರಲ್ಲ ಮೇಷ್ಟ್ರೇ, ಮೂರು,” ಅಂದಳು. “ಕುತ್ತಿಗೆ ಒಂದರದ್ದು, ಮೈ ಒಂದರದ್ದು, ಕಂಪನಿ ನಂಬರು ಇನ್ನೊಂದರದ್ದು. ಕೊಳ್ಳಬೇಡಿ.”

“ಯಾರು ಮಾಡಿದ್ದು ಅಂತ ಗೊತ್ತಾಗುತ್ತಾ?”

ಅವಳು ತಲೆ ಎತ್ತಲಿಲ್ಲ. “ಇಲ್ಲ. ಗೊತ್ತಾಗಲ್ಲ.”

“ನಂಗೂ ಯಾರೋ ತಂದು ಮಾರಿದ್ದು,” ಅಂದ ತಮ್ಮ.

ಅವಳು ನಾಲ್ಕೂ ಸ್ಕ್ರೂ ಮತ್ತೆ ಬಿಗಿದು, ಧೂಳು ಒರೆಸಿ, ಗಿಟಾರನ್ನು ಅವನ ಕೈಗೇ ಕೊಟ್ಟು ಹೋದಳು. ಆ ಭಾನುವಾರ ಅವನು ಅಕ್ಕನ ಮನೆಗೆ ಊಟಕ್ಕೆ ಹೋಗಲಿಲ್ಲ. ಮುಂದಿನ ಭಾನುವಾರ ಹೋಗುವುದು ಇನ್ನೂ ಕಷ್ಟವಾಯಿತು. ಹೀಗೇ ಆಯಿತು.

*

ಸ್ಮಶಾನದಿಂದ ವಾಪಸು ಬರುವಾಗ ವ್ಯಾನಿನ ಹಿಂದಿನ ಸೀಟಿನಲ್ಲಿ ಭಾವ, ತಮ್ಮ ಇಬ್ಬರೇ ಇದ್ದರು.

“ಯಾಕೆ ಬರ್ತಿರಲಿಲ್ಲ ನೀನು?” ಭಾವ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದರು. “ಅವಳನ್ನ ಕೇಳಿದ್ರೆ, ಅವನಿಗೆ ಕೈತುಂಬ ಕೆಲಸ ಅನ್ನೋಳು. ಹಬ್ಬ ಬಂದ್ರೂ ಅದೇ, ಹುಷಾರಿಲ್ಲದಾಗ್ಲೂ ಅದೇ. ಅಂಥಾದ್ದೇನಪ್ಪ ಕೆಲಸ?”

ಅಂಗಡಿ ಮುಚ್ಚಿ ಒಂಬತ್ತು ವರ್ಷವಾಗಿತ್ತು. ಈಗ ಅವನು ಲಿಫ್ಟು ರಿಪೇರಿಗೆ ಹೋಗುತ್ತಿದ್ದ.

“ಭಾವ, ನಾನು ಗಿಟಾರು ಜೋಡಿಸಿ ಅಸಲಿ ಅಂತ ಮಾರ್ತಿದ್ದೆ. ಅಕ್ಕ ಒಂದನ್ನ ಬಿಚ್ಚಿದಳು. ಬೆಸುಗೆಯ ಉಲ್ಟಾ ಸುತ್ತು ನೋಡಿದ ತಕ್ಷಣ ಅವಳಿಗೆ ಗೊತ್ತಾಯ್ತು, ನನ್ನ ಕೈ ಅಂತ. ಕೊಳ್ಳೋಕೆ ಬಂದೋರು ಕೇಳಿದ್ದಕ್ಕೆ ಗೊತ್ತಿಲ್ಲ ಅಂದ್ಲು.”

ಭಾವ ಕಿಟಕಿಯಿಂದ ಮುಖ ತಿರುಗಿಸಿದರು.

“ನಂಗೂ ಹೇಳಲಿಲ್ಲ,” ಅಂದರು ಭಾವ.

“ಹೂಂ.”

“ಮೂವತ್ತು ವರ್ಷ ಬಸ್ಸು ಓಡಿಸ್ದೆ. ಹಿಂದೆ ಕೂತೋರು ಏನು ಮಾಡ್ತಿದಾರೆ ಅಂತ ಒಂದಿನಾನೂ ಗೊತ್ತಾಗ್ಲಿಲ್ಲ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಏನೂ ಇರಲಿಲ್ಲ. ಅವನು ಸಿಟ್ಟಿಗಾಗಿ ಕಾದ. ಅದು ಬಂದರೆ ಚೆನ್ನಾಗಿತ್ತು.

ನಾಲ್ಕು ಗಂಟೆಗೆ, ಬಂದವರೆಲ್ಲ ಹೋದ ಮೇಲೆ, ಒಬ್ಬ ಹೆಂಗಸು ಬಾಗಿಲು ತಟ್ಟಿದಳು. ಮೈಮೇಲೆ ನರ್ಸಿನ ಸಮವಸ್ತ್ರ, ಬೆನ್ನಿಗೆ ಗಿಟಾರಿನ ಚೀಲ. ಮಾರುವವರು ಸಂಜೆವರೆಗೆ ಗಿಟಾರು ಬಿಟ್ಟುಕೊಟ್ಟಿದ್ದಾರೆ, ಅಕ್ಕ ಹೋದ ವಾರವೇ ಇವತ್ತು ಬರಲು ಹೇಳಿದ್ದರು ಅಂದಳು. ಮಗಳು ವಿಷಯ ಹೇಳಿದಳು. ನರ್ಸು ಬಾಯಿ ಮುಚ್ಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

“ಬಂದಿದೀರಲ್ಲ, ಕೊಡಿ. ನಾನು ನೋಡ್ತೀನಿ,” ಅಂದ ತಮ್ಮ.

ನೆಲದ ಮೇಲೆ ಟವೆಲು ಹಾಸಿ ಗಿಟಾರನ್ನು ಬೋರಲು ಮಲಗಿಸಿದ. ಕುತ್ತಿಗೆ ಬಿಚ್ಚಿ ಗುಂಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಉಗುರು ಸವರಿದ, ಮೂಸಿದ. ಹೊಟ್ಟೆಯ ತಗಡು ಎತ್ತಿ ಒಳಗಿನ ಒಂದೊಂದು ಬೆಸುಗೆಯನ್ನೂ ನೋಡಿದ. ಎಲ್ಲವೂ ಮಂಕಾಗಿ ಒಂದೇ ವಯಸ್ಸಿನವಾಗಿದ್ದವು.

“ಅಸಲಿ. ತಗೊಳ್ಳಿ,” ಅಂದ.

“ನೀನು ಹೇಳಿದ್ದನ್ನ ನಂಬಬಹುದಾ?” ಗೋಡೆ ಪಕ್ಕದ ಕುರ್ಚಿಯಿಂದ ಭಾವ ಕೇಳಿದರು.

ನರ್ಸಿಗೆ ಅರ್ಥವಾಗಲಿಲ್ಲ. ಇಬ್ಬರನ್ನೂ ನೋಡಿದಳು.

“ನೀವೇ ಬಂದು ನೋಡಿ ಭಾವ.”

ಭಾವ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ನೆಲಕ್ಕೆ ಇಳಿದರು. ಹೆಂಡತಿ ಇಡೀ ದಿನ ಬಗ್ಗಿ ನೋಡುತ್ತಿದ್ದ ಜಾಗವನ್ನು ಅವರು ಒಂದು ಸಲವೂ ಬಗ್ಗಿ ನೋಡಿದವರಲ್ಲ. ತಮ್ಮ ಬೆರಳಿಟ್ಟು ತೋರಿಸಿದ: ಇದು ಮರದ ಮೇಲೆ ಕಾರ್ಖಾನೆಯವರು ಪೆನ್ಸಿಲಿನಲ್ಲಿ ಬರೆದ ತಾರೀಖು, ಇವು ಯಾರೂ ಮುಟ್ಟದ ತೂತುಗಳು. ಭಾವ ಪ್ರತಿಯೊಂದಕ್ಕೂ ತಲೆಯಾಡಿಸಿದರು. ಕುತ್ತಿಗೆ ಕೂರಿಸಿ ಸ್ಕ್ರೂ ಬಿಗಿದು, ತಂತಿ ಏರಿಸಿ ಆಗುವವರೆಗೂ ಅವರು ಅಲ್ಲಿಂದ ಏಳಲಿಲ್ಲ.

“ಕರೆಂಟಿಗೆ ಹಾಕದೆ ಇದು ಸದ್ದು ಮಾಡುತ್ತಾ?” ಎಂದು ಕೇಳಿದರು.

“ಸ್ವಲ್ಪ. ಹತ್ತಿರ ಕೂತೋರಿಗೆ ಮಾತ್ರ.”

ನರ್ಸು ಬಗ್ಗಿ ಒಂದು ತಂತಿ ಮೀಟಿದಳು. ಬಾಗಿಲಲ್ಲಿ ನಿಂತಿದ್ದ ಮಗಳಿಗೆ ಏನೂ ಕೇಳಿಸಲಿಲ್ಲ. ಅಪ್ಪ ಎರಡೂ ಅಂಗೈಗಳನ್ನು ನೆಲಕ್ಕೆ ಊರಿ, ಗಿಟಾರಿನ ಮರದ ಮೇಲೆ ಕಿವಿಯಿಟ್ಟು ಕಣ್ಣು ಮುಚ್ಚಿದ್ದು ಕಂಡಿತು.