ಆಲಿಕಲ್ಲಿನ ಅಳತೆಗಾರ್ತಿ

ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ, ರಾಯದುರ್ಗದ ಬೀದಿಗಳಲ್ಲಿ ದಪ್ಪ ಜೀನ್ಸ್ ಕೋಟು ತೊಟ್ಟು ತಿರುಗುವ ಮನುಷ್ಯಪ್ರಾಣಿ ಒಂದೇ ಒಂದು. ಅವಳು ನಮ್ಮ ಚಂದ್ರಕಲಾ. ಊರಿನ ಟೈಲರೊಬ್ಬನ ಬೆನ್ನು ಬಿದ್ದು ಹೊಲಿಸಿದ ಆ ಕೋಟಿಗೆ ಒಂಬತ್ತು ಜೇಬು. ಒಂದರಲ್ಲಿ ಕಡಲೆಕಾಳು, ಇನ್ನೊಂದರಲ್ಲಿ ಶೇಂಗಾಬೀಜ, ಮತ್ತೊಂದರಲ್ಲಿ ಅಡಿಕೆ, ಎದೆಯ ಮೇಲಿನದರಲ್ಲಿ ನಿಂಬೆಹಣ್ಣು. ಆಲಿಕಲ್ಲು ಬಿದ್ದ ಊರಿಗೆ ಹೋಗಿ, ಇವನ್ನೆಲ್ಲ ಅಂಗೈ ಮೇಲೆ ಸಾಲಾಗಿಟ್ಟು, "ಯಾವುದರಷ್ಟು ಇತ್ರಿ?" ಎಂದು ಕೇಳುವುದು ಅವಳ ಕಾಯಕ.

ಇನ್ನೂರು ಕಿಲೋಮೀಟರ್ ಆಚೆಯ ಹವಾಮಾನ ರಾಡಾರು ಮೋಡದತ್ತ ಅಲೆಗಳನ್ನು ಕಳಿಸಿ, ತಿರುಗಿ ಬಂದದ್ದನ್ನು ಅಂಕಿಗಳಾಗಿ ಬರೆದಿಡುತ್ತದೆ. ಆ ಅಂಕಿಗಳಿಂದ ನೆಲಕ್ಕೆ ಬಿದ್ದ ಕಲ್ಲಿನ ಗಾತ್ರವನ್ನು ಲೆಕ್ಕಹಾಕುವ ವಿಧಾನವೊಂದನ್ನು ಅವಳು ತನ್ನ ಪಿಎಚ್.ಡಿ.ಗಾಗಿ ಐದು ವರ್ಷ ತಿದ್ದಿ ತೀಡಿದ್ದಾಳೆ. ಕಾಲೇಜಿನಲ್ಲಿ ಅವಳಿಗೆ ಭೌತಶಾಸ್ತ್ರ ಹೇಳಿಕೊಟ್ಟ ತಪ್ಪಿಗೆ, ನಿವೃತ್ತಿಯ ನಂತರ ನಾನು ಅವಳ ಸ್ಕೂಟರಿನ ಹಿಂದಿನ ಸೀಟಿಗೆ ಬಡ್ತಿ ಪಡೆದಿದ್ದೇನೆ. ಅವಳ ನಡಿಗೆ ಚುರುಕು, ಮಾತಿನ ನಡುವೆ ಗಕ್ಕನೆ ನಿಂತು, "ಅಲ್ಲಲ್ಲ" ಎಂದು ತನ್ನನ್ನೇ ತಿದ್ದಿಕೊಳ್ಳುವ ಚಾಳಿ. ಹಠವೂ ಒಂದುಂಟು: ಯಾರ ಮಾತನ್ನು ಬರೆದುಕೊಂಡಳೋ, ಕೊನೆಗೆ ಅದರ ಬಗ್ಗೆ ಏನು ತೀರ್ಮಾನಿಸಿದಳೆಂಬುದನ್ನು ಅವರ ಮನೆಗೇ ಹೋಗಿ ಓದಿ ಹೇಳಬೇಕು. ಇದರಿಂದ ಯಾರಿಗೇನು ಪ್ರಯೋಜನವೆಂದು ನಾನು ಗೊಣಗಿದ್ದುಂಟು.

ಹೋದ ವರ್ಷ, ಮಹಾಪ್ರಬಂಧ ಒಪ್ಪಿಸಲು ಹದಿನೈದು ದಿನವಿದ್ದಾಗ, ಹೀಗೆ ಓದಿ ಹೇಳುವ ಸುತ್ತಿನ ಮೊದಲ ಮನೆಗೆ ಹೋದೆವು. ಬೆಳುಗುಪ್ಪದ ಬಳಿ ಕುರಿ ಸಾಕುವ ಮೈಲಾರಮ್ಮನ ಮನೆ ಅದು. ಚಂದ್ರಕಲಾ ಓದಿದಳು: ತಿಂಗಳ ಹಿಂದಿನ ಮಳೆಯಲ್ಲಿ ನಿಂಬೆಹಣ್ಣಿನ ಗಾತ್ರದ ಕಲ್ಲು ಬಿತ್ತೆಂದು ಈಕೆ ಹೇಳಿದ್ದಾರೆ, ರಾಡಾರಿನ ಲೆಕ್ಕದಲ್ಲಿ ಅದು ಕಡಲೆಕಾಳಿಗಿಂತ ದೊಡ್ಡದಲ್ಲ, ಪರಿಹಾರದ ಆಸೆಗೆ ಹೆಚ್ಚು ಹೇಳಿರಬಹುದು, ಆದ್ದರಿಂದ ಈ ಹೇಳಿಕೆಯನ್ನು ಕೈಬಿಡಲಾಗಿದೆ.

ಮೈಲಾರಮ್ಮ ಸಿಟ್ಟಾಗಲಿಲ್ಲ. "ಎಷ್ಟು ದಪ್ಪ ಅಂತ ಕೇಳಿದ್ರಿ, ಹೇಳ್ದೆ. ತೆಗೆದು ಇಟ್ಟೀರೇನು ಅಂತ ಕೇಳಲೇ ಇಲ್ಲಲ್ರಿ," ಎಂದವಳೇ ಸೆರಗು ಸಿಕ್ಕಿಸಿಕೊಂಡು ಎರ್ರಿಸ್ವಾಮಿಯ ಸೋಡಾ ಅಂಗಡಿಗೆ ಕರೆದೊಯ್ದಳು. ಬಂದ ನೆಂಟರಿಗೆ ತೋರಿಸಲೆಂದು ಅವನ ಫ್ರಿಜ್ಜಿನಲ್ಲಿ, ಐಸ್‌ಕ್ರೀಮುಗಳ ನಡುವೆ, ಪ್ಲಾಸ್ಟಿಕ್ ಕವರಿನೊಳಗೆ ಆ ಕಲ್ಲು ಹಾಗೇ ಕೂತಿತ್ತು. ಚಂದ್ರಕಲಾ ನಿಂಬೆಹಣ್ಣು ತೆಗೆದು ಪಕ್ಕಕ್ಕೆ ಹಿಡಿದಳು. ಎರಡೂ ಒಂದೇ ಗಾತ್ರ.

ಅವಳ ಮುಖ ನೋಡಿ ನನಗೆ ಸಂಕಟವಾಯಿತು. ರಾಡಾರಿನ ಕಿರಣ ನಮ್ಮ ಸೀಮೆ ಮುಟ್ಟುವ ಹೊತ್ತಿಗೆ ನೆಲದಿಂದ ನಾಲ್ಕು ಕಿಲೋಮೀಟರ್ ಮೇಲೆ ಹಾದುಹೋಗುತ್ತದೆ, ಅದರ ಕೆಳಗೆ ನಡೆಯುವುದು ಅದಕ್ಕೆ ಕಾಣದು; ಇದನ್ನು ನನಗೆ ಕಲಿಸಿದವಳೇ ಅವಳು. "ಕಾಣದ ಯಂತ್ರಾನ ನಂಬಿ, ಕಂಡಾಕೀನ ಸುಳ್ಳಿ ಮಾಡಿಬಿಟ್ನಲ್ರಿ ಸಾರ್," ಎಂದಳು. ಆಮೇಲೆ ಅಂಗಡಿಯ ಮುಂದೆಯೇ, ನಾಲ್ಕು ಜನರೆದುರು, ಮೈಲಾರಮ್ಮನ ಕೈ ಹಿಡಿದು, "ನಂದು ತಪ್ಪಾತ್ರಿ ಅಮ್ಮ," ಎಂದಳು.

ಅವಳ ಮಾರ್ಗದರ್ಶಕರು ಫೋನಿನಲ್ಲಿ ಕೂಗಾಡಿದ್ದು ನನಗೂ ಕೇಳಿಸಿತು: "ಒಂದು ಕಲ್ಲಿಗೋಸ್ಕರ ಪ್ರಬಂಧ ನಿಲ್ಲಿಸ್ತೀಯಾ?"

"ಒಂದು ಕಲ್ಲಲ್ರಿ ಸಾರ್. ಹಿಂಗ ಇನ್ನೂ ನಲವತ್ತು ಮಂದಿ ಮಾತು ಹೊಡೆದು ಹಾಕೀನಿ. ಅವರ ಮನೀಗೆಲ್ಲ ತಿರುಗಿ ಹೋಗಬೇಕು."

ಒಂದು ವರ್ಷ ಕೈಬಿಟ್ಟು ಹೋಯಿತು. ಅವಳಿಗೆಂದು ಕಾದಿದ್ದ ಕೆಲಸ ಬೇರೆಯವರ ಪಾಲಾಯಿತು. ಅದನ್ನು ನೆನೆದು ಅವಳು ಅತ್ತದ್ದನ್ನೂ ನಾನು ಬಲ್ಲೆ. ಆದರೂ ಸ್ಕೂಟರು ನಿಲ್ಲಲಿಲ್ಲ. ಮಡಕಶಿರಾ ಕಡೆಯ ಹಿಪ್ಪುನೇರಳೆ ತೋಟದಲ್ಲಿ ಮೂಡಲಗಿರಿಯಪ್ಪನೆಂಬ ಹಿರಿಯ ರೈತ ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡು ಹೇಳಿದ: "ಬರ್ಕಂಡು ಹೋದೋರು ಬೋ ಜನ ಅವ್ರೆ ಕಣಮ್ಮ. ತಪ್ಪಾತು ಅಂತ ತಿರ್ಗ ಬಂದೋಳು ನೀನೊಬ್ಳೆ." ಇನ್ನು ಮೂರು ಮನೆ ಬಾಕಿ.

ವಿದ್ವಾಂಸರೂ ತಪ್ಪು ಒಪ್ಪಿಕೊಳ್ಳುತ್ತಾರೆ. ಬಹುಮಟ್ಟಿಗೆ ಇನ್ನೊಬ್ಬ ವಿದ್ವಾಂಸರ ಮುಂದೆ, ಅಡಿಟಿಪ್ಪಣಿಯ ಸಣ್ಣಕ್ಷರದಲ್ಲಿ. ಯಾರ ಮಾತನ್ನು ಹೊಡೆದುಹಾಕಿದೆವೋ ಅವರ ಹೊಸ್ತಿಲಿಗೇ ಹೋಗಿ, ಅವರಿಗೆ ತಿಳಿಯುವ ಮಾತಿನಲ್ಲಿ ಒಪ್ಪಿಕೊಳ್ಳುವವರು ವಿರಳ. ಅಂಥವರಿಗೆ ಪದವಿ ತಡವಾಗಿ ಬರುತ್ತದೆ. ಆದರೆ ನಾಳೆ ಅವರು ಆಲಿಕಲ್ಲು ಬೀಳುತ್ತದೆಂದರೆ, ಮೈಲಾರಮ್ಮ ಕುರಿಗಳನ್ನು ಹಟ್ಟಿಗೆ ಹೊಡೆದುಕೊಂಡು ಬರುತ್ತಾಳೆ.