ಹೇಳಿ ಹೊರಟಿದ್ದು

ಮೊಮ್ಮಗಳನ್ನು ಅಂಗನವಾಡಿಗೆ ಬಿಟ್ಟು ಬರುತ್ತೇನೆಂದು ಹೋದ ದೇವಿರಮ್ಮ, ಅವಳ ಕೈ ಹಿಡಿದುಕೊಂಡೇ ವಾಪಸು ಬಂದಾಗ ಸೂಟ್‌ಕೇಸುಗಳು ಆಗಲೇ ಜಗಲಿಗೆ ಬಂದಿದ್ದವು.

ಒಂದು ವಾರದಿಂದ ಅವನ್ನು ಮಂಚದ ಕೆಳಗೆ ನೂಕಿ, ಮೇಲೊಂದು ಹಳೇ ಸೀರೆ ಹೊದಿಸಿ, ನಾಲ್ಕು ವರ್ಷದ ಚಂದನಳ ಕಣ್ಣಿಗೆ ಬೀಳದಂತೆ ಕಾಪಾಡಿದ್ದರು. ಮಗು ಅಂಗನವಾಡಿಯಲ್ಲಿರುವಾಗಲೇ ಅವಳ ತಾಯಿ ಶೋಭಿತಾ ಕಾರು ಹತ್ತಿಬಿಡುವುದು, ಆಮೇಲೆ ಕೇಳಿದರೆ ಅಮ್ಮ ಮಂಡ್ಯಕ್ಕೆ ಡ್ಯೂಟಿಗೆ ಹೋಗಿದ್ದಾಳೆ ಎನ್ನುವುದು, ಹಾಗೆ ಅನ್ನುತ್ತ ಅನ್ನುತ್ತ ಮರೆಸುವುದು ಎಂದು ಮನೆಯವರೆಲ್ಲ ಕೂತು ಮಾತಾಡಿದ್ದರು. ಆಗ ದೇವಿರಮ್ಮ ಅವರೆಕಾಯಿ ಸುಲಿಯುತ್ತ ಒಂದು ಮಾತೂ ಆಡಿರಲಿಲ್ಲ.

ಶೋಭಿತಾ ಬಾಚಣಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಮಗು ಅವಳ ಹೊಸ ಚೂಡಿದಾರ ನೋಡಿತು. ಸೂಟ್‌ಕೇಸು ನೋಡಿತು. ಬೀದಿಯಲ್ಲಿ ನಿಂತಿದ್ದ ಸೋದರಮಾವ ಮಹದೇವುವಿನ ಕಾರು ನೋಡಿತು.

"ಏನವ್ವ ನೀನು ಮಾಡಿದ್ದು?" ದೇವಿರಮ್ಮನ ಮಗ ಸಿದ್ದರಾಮು ಜಗಲಿಯಿಂದ ಧುಮುಕಿ ಬಂದ. "ಬುಟ್ಟು ಬಾ ಅಂದ್ರೆ ಕರ್ಕಬಂದಿದ್ದೀಯಲ್ಲ! ಈಗ ರಂಪ ಮಾಡುದ್ರೆ ಯಾರು ಸಮಾಧಾನ ಮಾಡೋರು?"

"ಅಳ್ಲಿ ಬುಡ್ಲಾ. ಅವ್ವ ದೂರ ಓಯ್ತಾವ್ಳೆ ಅಂದ್ರೆ ಮಗ ಅಳ್ದೆ ಇನ್ಯಾರು ಅಳ್ತಾರೆ?"

"ನಿಂಗೇನು ತಿಳೀತದೆ, ಸುಮ್ಕಿರು."

"ನಂಗೇ ಕಣ್ಲಾ ತಿಳಿಯೋದು." ದೇವಿರಮ್ಮ ಜಗಲಿಯ ಅಂಚಿಗೆ ಕೂತಳು. ದನಿ ಎತ್ತರಿಸಲಿಲ್ಲ. "ನಾನು ಇವಳಷ್ಟೇ ಇದ್ದೆ. ಮಧ್ಯಾಹ್ನ ಮನಗಿದ್ದೋಳ್ನ ಹಂಗೇ ಬುಟ್ಟು ನಮ್ಮವ್ವ ಕೊಡಗಿಗೆ ಕಾಫಿ ಕುಯ್ಯಾಕೆ ಓದ್ಲು. ಎದ್ದು ಕೇಳುದ್ರೆ ಸಂತೆಗೆ ಓಗವ್ಳೆ ಅಂದ್ರು. ದಿನಾ ಸಂಜೆ ರಸ್ತೆಗೋಗಿ ನಿಂತ್ಕತಿದ್ದೆ. ಸಂತೆಯಿಂದ ಬರೋ ಗಾಡಿ ಎಲ್ಲಾ ನೋಡ್ತಿದ್ದೆ."

"ಬಂದ್ರಲ್ಲತ್ತೆ, ಆಮೇಲೆ?" ಶೋಭಿತಾ ಕೇಳಿದಳು. ಇಷ್ಟು ವರ್ಷದಲ್ಲಿ ಅತ್ತೆಯ ಬಾಯಲ್ಲಿ ಈ ಮಾತು ಬಂದೇ ಇರಲಿಲ್ಲ.

"ಬಂದ್ಲು. ಕುಯ್ಲು ಮುಗಿದ ಮೇಲೆ ಚೆನ್ನಾಗೇ ಬಂದ್ಲು, ಬಳೆ ತಂದಿದ್ಲು. ಆದ್ರೆ ಅವಳು ಸಾಯೋವರ್ಗೂ ನಾನು ಅವಳ ಮಾತು ನಂಬ್ಲಿಲ್ಲ ಕಣವ್ವ. ನೀರಿಗೋಯ್ತೀನಿ ಅಂದ್ರೂ ಹಿಂದೆ ಓಯ್ತಿದ್ದೆ. ನಂಗೆ ಮದ್ವೆ ಆಗಿ ಇವನು ಹುಟ್ಟಿದ್ ಮೇಲೂ ಅಷ್ಟೆ. ಪಾಪ, ಅವಳಿಗೂ ಗೊತ್ತಿತ್ತು."

ಸಿದ್ದರಾಮು ಕಾರಿನ ಕಡೆ ತಿರುಗಿ ನಿಂತ.

ಮಗುವಿಗೆ ಹೇಳುವುದು ಶೋಭಿತಾಳಿಗೆ ಕಷ್ಟವಾಗಿದ್ದಕ್ಕೆ ಬೇರೆ ಕಾರಣವೂ ಇತ್ತು. ಅವಳನ್ನು ಯಾರೂ ಬಲವಂತ ಮಾಡಿ ಕಳಿಸುತ್ತಿರಲಿಲ್ಲ. ಸಿದ್ದರಾಮುವಿನ ಗೂಡ್ಸ್ ಆಟೋ ದಿನಾ ಓಡುತ್ತಿತ್ತು, ಮಂಡ್ಯದ ಆಸ್ಪತ್ರೆಯಲ್ಲಿ ಅವಳ ನರ್ಸ್ ಕೆಲಸ ಕಾಯಂ ಆಗಿತ್ತು, ಮನೆಯಲ್ಲಿ ಯಾವುದಕ್ಕೂ ತೊಂದರೆ ಇರಲಿಲ್ಲ. ಆದರೂ ಕಿರುಗಾವಲಿನಿಂದ ಮಂಡ್ಯಕ್ಕೆ ಹೋಗಿ ಬರುವ ಬಸ್ಸಿನಲ್ಲಿ ಕೂತು, ಕೆಲವೊಮ್ಮೆ ಕಂಬಿಗೆ ಒರಗಿ ನಿಂತು, ಓದಿ ವಿದೇಶದ ನರ್ಸ್ ಕೆಲಸದ ಪರೀಕ್ಷೆ ಪಾಸು ಮಾಡಿದ್ದಳು. ದೊಡ್ಡ ಆಸ್ಪತ್ರೆಯ ಐಸಿಯುನಲ್ಲಿ ಕೆಲಸ ಮಾಡಬೇಕು, ಕಲಿಯಬೇಕು, ತನ್ನ ಕೈಯಲ್ಲಿ ಎಷ್ಟಾಗುತ್ತದೋ ನೋಡಬೇಕು ಎಂಬ ಆಸೆ ನರ್ಸಿಂಗ್ ಸೇರಿದಾಗಿನಿಂದ ಇತ್ತು. ಕುವೈತ್‌ನಿಂದ ಆಯ್ಕೆಯ ಸುದ್ದಿ ಬಂದ ದಿನ ವಾರ್ಡಿನ ಹೊರಗೆ ನಿಂತು ಗಟ್ಟಿಯಾಗಿ ನಕ್ಕುಬಿಟ್ಟಿದ್ದಳು. ಮಗು ನೆನಪಾಗಿದ್ದು ಆಮೇಲೆ. ನಗು ಮೊದಲು ಬಂದಿತ್ತು, ಮಗು ಆಮೇಲೆ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಬಾಚಣಿಗೆಯನ್ನು ಜಗಲಿಯ ಮೇಲಿಟ್ಟು ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಚಂದೂ, ಅಮ್ಮ ದೂರದ ಊರಿಗೆ ಕೆಲಸಕ್ಕೆ ಹೋಗ್ತಾವ್ಳೆ. ವಿಮಾನದಲ್ಲಿ."

"ನಾನು?"

"ನೀನು ಅಜ್ಜಿ, ಅಪ್ಪನ ಜೊತೆ ಇಲ್ಲೇ ಇರ್ತೀಯ."

"ಸಂಜೆ ಬತ್ತೀಯಾ?"

"ಇಲ್ಲ ಮಗ. ಸಂಜೆ ಬರಲ್ಲ, ನಾಳೇನೂ ಬರಲ್ಲ. ತುಂಬಾ ದಿನ ಆಯ್ತದೆ. ಮುಂದಿನ ವರ್ಷ ರಜಕ್ಕೆ ಬತ್ತೀನಿ, ಆಮೇಲೆ ಮತ್ತೆ ಹೋಗ್ತೀನಿ."

ಮಗು ಅಪ್ಪನ ಕಡೆ ನೋಡಿತು. "ಅಪ್ಪ ಓಗು ಅಂದ್ನಾ?"

"ಅಲ್ಲಿಯ ಆಸ್ಪತ್ರೆಯೋರು ಕರೀತಾವ್ರೆ, ಹೋಗ್ಲೇಬೇಕಂತೆ ಅಂತ ಹೇಳು," ಎಂದ ಸಿದ್ದರಾಮು ಮೆಲ್ಲಗೆ.

ಅದು ಸುಲಭವಾಗಿತ್ತು. ಬಾಯಿಗೂ ಬಂದಿತ್ತು. ಆದರೆ ಶೋಭಿತಾ, "ಅಪ್ಪ ಅನ್ಲಿಲ್ಲ ಮಗ. ಯಾರೂ ಓಗು ಅನ್ಲಿಲ್ಲ. ನಂಗೇ ಹೋಗ್ಬೇಕು ಅನ್ನಿಸ್ತು," ಎಂದಳು.

ಚಂದನ ಎರಡೂ ಕೈಯಿಂದ ಅವಳ ಎದೆಗೆ ಹೊಡೆದಳು. ಒಮ್ಮೆ ಅಲ್ಲ, ಕೈ ಸೋಲುವ ತನಕ ಹೊಡೆದಳು. ಅಳಲಿಲ್ಲ. ಸಿದ್ದರಾಮು ಬಿಡಿಸಲು ಬಂದರೆ ಶೋಭಿತಾ ಬೇಡವೆಂದು ತಲೆಯಾಡಿಸಿದಳು. ಕೊನೆಗೆ ಮಗು ಬೀದಿಗಿಳಿದು, ತೆರೆದೇ ಇದ್ದ ಕಾರಿನ ಹಿಂದಿನ ಸೀಟಿಗೆ ಹತ್ತಿ ಕೂತುಬಿಟ್ಟಿತು. ಮಹದೇವು ಎಷ್ಟು ರಮಿಸಿದರೂ ಇಳಿಯಲಿಲ್ಲ.

"ನಾನೂ ಚಂದೂನೂ ಮದ್ದೂರಗಂಟ ಬತ್ತೀವಿ," ಎಂದು ದೇವಿರಮ್ಮ ಎದ್ದಳು. "ಅಲ್ಲಿಂದ ವಾಪಸ್ ಬರಾಕೆ ಮಳವಳ್ಳಿ ಬಸ್ಸು ಬೇಕಾದಷ್ಟವೆ. ಏರ್‌ಪೋರ್ಟ್ ಬ್ಯಾಡ, ಅಲ್ಲಿ ನಮ್ಮನ್ನ ಒಳಕ್ಕೇ ಬುಡಲ್ಲ."

ಗೋಡೆಯ ಮೇಲಿದ್ದ ಬುದ್ಧನ ಪಟಕ್ಕೆ ಕೈಮುಗಿದು ಶೋಭಿತಾ ಮನೆಯಿಂದ ಹೊರಬಿದ್ದಳು.

ಮಳವಳ್ಳಿ ದಾಟುವವರೆಗೂ ಮಗು ಅಜ್ಜಿಯ ಆಚೆ ಬದಿಯಲ್ಲಿ ಕಿಟಕಿಗೆ ಮುಖ ಕೊಟ್ಟು ಕೂತಿತ್ತು. ಮುಂದೆ ಮಹದೇವು, ಸಿದ್ದರಾಮು ಇಬ್ಬರೂ ರಸ್ತೆಯ ಬಗ್ಗೆ ಎರಡು ಮಾತಾಡಿದರು. ಕೆ.ಎಂ. ದೊಡ್ಡಿಯ ಹತ್ತಿರ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ನಿಂತು ಕಾರು ಮುಂದೆ ಹೋಗದಾಯಿತು.

"ಅಲ್ಲಿ ಕಬ್ಬು ಅದಾ?" ಮಗು ತಿರುಗದೆಯೇ ಕೇಳಿತು.

"ಇಲ್ಲ. ಬರೀ ಮರಳಂತೆ," ಎಂದಳು ಶೋಭಿತಾ.

"ಮಕ್ಳು ಅವ್ರಾ?"

"ಅವ್ರೆ."

"ಅವ್ರಿಗೆ ಜ್ವರ ಬಂದ್ರೆ ನೀನು ನೋಡ್ಕತೀಯಾ?"

"ಹೂಂ."

"ನಂಗೆ ಬಂದ್ರೆ?"

ಮುಂದಿನ ಸೀಟಿನಲ್ಲಿ ಸಿದ್ದರಾಮುವಿನ ತಲೆ ಸ್ವಲ್ಪ ಬಾಗಿತು. ಕಬ್ಬಿನ ಟ್ರ್ಯಾಕ್ಟರೊಂದು ಹಾರ್ನ್ ಹೊಡೆದು ಮುಂದಕ್ಕೆ ಜರುಗಿತು.

"ಅಜ್ಜಿ ನೋಡ್ಕತಾರೆ. ಅಪ್ಪ ಆಸ್ಪತ್ರೆಗೆ ಕರ್ಕೊಂಡ್ ಓಯ್ತಾರೆ. ನಾನು ಫೋನಲ್ಲಿ ನೋಡ್ತೀನಿ," ಎಂದಳು ಶೋಭಿತಾ. "ಆದ್ರೆ ಪಕ್ಕದಲ್ಲಿ ಇರಲ್ಲ ಮಗ."

ಕಾರು ಹೊರಟ ಸ್ವಲ್ಪ ಹೊತ್ತಿಗೆ ಮಗು ಅಜ್ಜಿಯ ತೊಡೆಯ ಮೇಲಿಂದ ಒಂದು ಕಾಲನ್ನು ಚಾಚಿ ತಾಯಿಯ ಮಡಿಲಲ್ಲಿಟ್ಟಿತು. ಮುಖ ಇನ್ನೂ ಕಿಟಕಿಯ ಕಡೆಗೇ ಇತ್ತು. ಶೋಭಿತಾ ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬೆರಳ ಸಂದಿಯಲ್ಲಿ ಅಂಗನವಾಡಿ ದಾರಿಯ ಮಣ್ಣಿತ್ತು. ಮದ್ದೂರು ಬರುವವರೆಗೂ ಅವಳು ಅದನ್ನು ಬಿಡಲಿಲ್ಲ.

ಬಸ್ ನಿಲ್ದಾಣದ ಎದುರಿಗೆ ಕಾರು ನಿಂತಾಗ ಬಿಸಿಲು ನೆತ್ತಿಗೆ ಬಂದಿತ್ತು. ಶೋಭಿತಾ ಇಳಿದು ಅತ್ತೆಯ ಕಾಲು ಮುಟ್ಟಲು ಬಗ್ಗಿದರೆ ದೇವಿರಮ್ಮ ಅವಳ ರಟ್ಟೆ ಹಿಡಿದು ಮೇಲೆತ್ತಿದಳು.

"ನೀನು ನಗ್ತಾ ಓಗು ಅನ್ನಲ್ಲ. ಅನ್ನ ನೀರು ನೋಡ್ಕೊ. ನಮ್ಮನ್ನ ನೆನೆಸ್ಕಂಡು ಕೆಲ್ಸ ಕೆಡಿಸ್ಕಬ್ಯಾಡ."

ಮಗು ತಬ್ಬಿಕೊಳ್ಳಲು ಬಿಡಲಿಲ್ಲ. ಅಜ್ಜಿಯ ಸೀರೆಯ ನೆರಿಗೆ ಹಿಡಿದು ನಿಂತು, "ಓಗ್ಬತ್ತೀನಿ ಅನ್ನು," ಎಂದಿತು.

"ಓಗ್ಬತ್ತೀನಿ ಚಂದೂ."

"ಇನ್ನೊಂದ್ಸಲ."

"ಓಗ್ಬತ್ತೀನಿ ಮಗ."

ಕಾರು ಹೊರಟಿತು. ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತ ಶೋಭಿತಾ ಪೂರ್ತಿ ತಿರುಗಿ ನೋಡಿದಳು. ಚಂದನ ಈಗ ಅಳುತ್ತಿದ್ದಳು, ಬಾಯಿ ಅಗಲ ಮಾಡಿ, ಮುಖ ಮೇಲೆತ್ತಿ. ಕಾರಿನ ಗಾಜಿನಿಂದಾಗಿ ಸದ್ದು ಕೇಳಿಸುತ್ತಿರಲಿಲ್ಲ. ಹೂ ಮಾರುವವಳೊಬ್ಬಳು ಬುಟ್ಟಿ ಇಳಿಸಿ ಏನೋ ಕೇಳುತ್ತಿದ್ದಳು. ದೇವಿರಮ್ಮ ಮಗುವನ್ನು ಎತ್ತಿಕೊಳ್ಳಲಿಲ್ಲ, ಸುಮ್ಮನಿರು ಎನ್ನಲೂ ಇಲ್ಲ. ತನ್ನ ಸೆರಗನ್ನು ಹರವಿ, ಅಳುವ ಆ ಮುಖಕ್ಕೆ ಬಿಸಿಲು ಬೀಳದಂತೆ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.