ಒಂದು ಬಟ್ಟಲು ಮೊಸರು

ರಾದೋಸ್ತಿನಾ ದಿನಾ ಬೆಳಿಗ್ಗೆ ಗಡ್ಡ ಹೆರೆದುಕೊಂಡೇ ಮನೆಯಿಂದ ಹೊರಬೀಳುವ ಹೆಂಗಸು. ಹದಿನಾಲ್ಕನೇ ವಯಸ್ಸಿಗೆ ಭಾರ ಎತ್ತುವುದನ್ನು ಕಲಿಯಲೆಂದು ಬಲ್ಗೇರಿಯಾದ ಒಂದು ಕ್ರೀಡಾಶಾಲೆಗೆ ಸೇರಿದ್ದಳು. ಅಂದಿನ ತರಬೇತುದಾರ ನುಂಗಿಸಿದ ಮಾತ್ರೆಗಳ ಫಲ ಆ ಗಡ್ಡ. ಈಗ ಅದೇ ಶಾಲೆಗೆ, ಉದ್ದೀಪನ ಮದ್ದಿನ ವಿರುದ್ಧ ಪಾಠ ಹೇಳಲು ಸರ್ಕಾರವೇ ಅವಳನ್ನು ಕಳಿಸಿತ್ತು. ಹೊಸ ನಿಯಮದಂತೆ ಪಾಠ ಕೇಳಿದವರೆಲ್ಲ ಸಹಿ ಹಾಕಬೇಕು. ಸಹಿ ಬಿದ್ದರೆ ಸರ್ಕಾರ ಕೈ ತೊಳೆದುಕೊಂಡ ಹಾಗೆ.

"ಮಾತ್ರೆ, ಸೂಜಿ, ಯಾರು ಕೊಟ್ರೂ ಮುಟ್ಬೇಡಿ. ತಿಳೀತಾ?" ಎಂದಳು ಎದುರು ಕೂತ ಹುಡುಗಿಯರಿಗೆ, ತನ್ನ ಒಡಕಲು ಗಂಡುದನಿಯಲ್ಲಿ.

ಬಾಗಿಲಿಗೊರಗಿ ನಿಂತಿದ್ದ ಈಗಿನ ತರಬೇತುದಾರ ಮಿಲುಶೆವ್ ನಕ್ಕ. "ನಮ್ಮಲ್ಲಿ ಆ ದರಿದ್ರ ಎಲ್ಲಾ ಇಲ್ಲ ಕಣಮ್ಮಾ. ಬೇಕಾದ್ರೆ ಇವರನ್ನೇ ಕೇಳು."

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಹೌದಕ್ಕಾ, ಮಾತ್ರೆ ಗೀತ್ರೆ ಏನೂ ಇಲ್ಲ. ದಿನಾ ಬೆಳಿಗ್ಗೆ ಸರ್ ತಮ್ಮ ಕೈಯಾರೆ ಒಂದೊಂದು ಬಟ್ಟಲು ಮೊಸರು ಕೊಡ್ತಾರೆ, ಅಷ್ಟೇ. ಬಟ್ಟಲು ನೆಕ್ಕಿ ಖಾಲಿ ಮಾಡೋ ತನಕ ಎದುರಿಗೇ ನಿಂತಿರ್ತಾರೆ. ಅಷ್ಟು ಪ್ರೀತಿ!"

ರಾದೋಸ್ತಿನಾಳ ಕೈ ತಾನಾಗಿ ಗದ್ದ ಸವರಿತು. ಹುಡುಗಿಗೆ ಇನ್ನೂ ಹದಿನಾಲ್ಕು. ದನಿ ಮಾತ್ರ ರಾದೋಸ್ತಿನಾಳದ್ದೇ.